ಪೊಳ್ಳಾಚಿಗೆ ಹೊರಟಿರೋ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನ ಬ್ಯಾಂಕ್ ಪೋಸ್ಟಿಂಗ್ ತಮಿಳುನಾಡಿನ ಪೊಳ್ಳಾಚಿ ಅಂತ ಗೊತ್ತಾದಾಗಿನಿಂದ ನಿಮ್ಮಮ್ಮ ದಿನಾ ಫೋನ್ ಮಾಡಿ ರೂಮ್ ಹೇಗೋ ಊಟ ಹೇಗೋ ಅಂತಿದಾಳೆ, ಅದೆಲ್ಲ ಆಗತ್ತೆ ಬಿಡು, ಆ ಊರಲ್ಲಿ ಅನ್ನ ಸಾರಿಗೇನು ಬರ ಇಲ್ಲ. ನಂಗೆ ಹೇಳ್ಬೇಕಾಗಿರೋದು ಬೇರೆ. ಮೊನ್ನೆ ನೀನು "ದೊಡ್ಡಮ್ಮ, ತಮಿಳು ಬರ್ದಿದ್ರೇನು, ಇಂಗ್ಲಿಷ್ ಹಿಂದಿ ಎರಡೂ ಬರತ್ತಲ್ಲ, ಹೇಗೋ ಮ್ಯಾನೇಜ್ ಮಾಡ್ತೀನಿ" ಅಂದೆ ನೋಡು, ಆ ಮಾತು ಯಾಕೋ ನನ್ನ ಮನಸ್ಸಿಗೆ ಹಿಡಿಸ್ಲಿಲ್ಲ ಕಣೆ, ಅದಕ್ಕೇ ಇಷ್ಟುದ್ದ ಟೈಪ್ ಮಾಡ್ತಿದೀನಿ, ಅರ್ಧಕ್ಕೆ ಬಿಡದೆ ಓದು.

2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಒಂದು ಬ್ಯಾಂಕ್ ಬ್ರಾಂಚಲ್ಲಿ ಮ್ಯಾನೇಜರ್ ಕನ್ನಡ ಮಾತಾಡಲ್ಲ ಅಂದ ವಿಡಿಯೋ ಬಂತಲ್ಲ, ಮುಖ್ಯಮಂತ್ರಿಗಳೇ ಖಂಡಿಸಿದ್ರು, ಟ್ರಾನ್ಸ್‌ಫರ್ ಕೂಡ ಆಯ್ತು, ನೀನೂ ಸಿಟ್ಟಲ್ಲಿ ಸ್ಟೇಟಸ್ ಹಾಕಿದ್ದೆ. ಆ ಸಿಟ್ಟು ನ್ಯಾಯವಾದ್ದೇ. ಈಗ ಕೌಂಟರ್ ಹಿಂದೆ ಕೂರೋಳು ನೀನು, ಎದುರಿಗೆ ನಿಲ್ಲೋನು ತೆಂಗಿನ ತೋಟದ ತಮಿಳು ರೈತ. ನಾವಿಲ್ಲಿ ಏನು ಕೇಳಿದ್ವೋ ಅವನೂ ಅದನ್ನೇ ಕೇಳ್ತಾನೆ, ಕೇಳೋ ಹಕ್ಕೂ ಅವನಿಗಿದೆ.

ಇದು ಬರೀ ಮರ್ಯಾದೆ ವಿಷಯ ಅಂತ ತಿಳ್ಕೋಬೇಡ, ಜನರ ದುಡ್ಡಿನ ವಿಷಯ. ನಾನು ಬಳ್ಳಾರಿ ಕಡೆ ಇದ್ದಾಗ ನಮ್ಮ ಬ್ರಾಂಚಿಗೆ ಬರ್ತಿದ್ದವರಲ್ಲಿ ಎಷ್ಟೋ ಜನರ ಮನೆಮಾತು ತೆಲುಗು, ಉರ್ದು, ಲಂಬಾಣಿ. ಉತ್ತರದಿಂದ ಒಬ್ಬ ಹುಡುಗ ಆಫೀಸರ್ ಆಗಿ ಬಂದ, ಕೆಲಸದಲ್ಲಿ ಬಹಳ ಚುರುಕು, ಆದ್ರೆ ಇಲ್ಲಿನ ಮಾತು ಒಂದೂ ಬರ್ತಿರ್ಲಿಲ್ಲ. ಏನಾಯ್ತು ಗೊತ್ತಾ, ಜನ ಅವನ ಟೇಬಲ್ ಹತ್ರ ಹೋಗೋದೇ ಬಿಟ್ರು, ಅಟೆಂಡರ್ ಹತ್ರ ಹೋಗ್ತಿದ್ರು. ಅಜ್ಜಿ ಖಾತೇಲಿ ಎಷ್ಟಿದೆ, ಯಾವ ಮನೆಯವರು ಒಡವೆ ಅಡ ಇಟ್ಟಿದಾರೆ, ಯಾರ ಮಗ ಕಂತು ಕಟ್ಟಿಲ್ಲ, ಎಲ್ಲಾ ಅಟೆಂಡರ್ ಬಾಯಿಂದ್ಲೇ ದಾಟಿ ಆಫೀಸರ್ ಕಿವಿಗೆ ಹೋಗ್ಬೇಕು, ಪಕ್ಕದಲ್ಲಿ ಕ್ಯೂ ನಿಂತಿರೋರಿಗೂ ಕೇಳಿಸ್ಬೇಕು. ಅಟೆಂಡರ್ ಒಳ್ಳೆಯವನಾಗಿದ್ದ, ಪುಣ್ಯ. ಗೇಟ್ ಆಚೆ ಫಾರ್ಮ್ ತುಂಬಿ ಕೊಡೋರೆಲ್ಲ ಹಾಗಿರಲ್ಲ. ಮೊದಲು ಚಲನ್ ಬರೆದು ಕೊಡ್ತಾರೆ, ಆಮೇಲೆ ಪಾಸ್‌ಬುಕ್ ಇಟ್ಕೋತಾರೆ, ಆಮೇಲೆ ಎಟಿಎಂ ಪಿನ್ನೂ ಅವರ ಹತ್ರಾನೇ ಇರತ್ತೆ. ಆಫೀಸರ್ ಹತ್ರ ತನ್ನ ಭಾಷೇಲಿ ಕೇಳೋಕಾದ್ರೆ ಆ ಅಜ್ಜಿಗೆ ಇವರ ಹಂಗೇ ಇರ್ತಿರ್ಲಿಲ್ಲ.

ಸಾಲದ ಪೇಪರ್ರಲ್ಲಂತೂ ಇದು ಇನ್ನೂ ಹೆಚ್ಚು. ಇಂಗ್ಲಿಷಲ್ಲಿರೋ ಹಾಳೆ ಮೇಲೆ ಹಾಳೆ ತಿರುವಿ "ಇಲ್ಲಿ ಸೈನ್, ಇಲ್ಲಿ ಸೈನ್" ಅಂತ ಬೆರಳು ತೋರಿಸ್ತಾರೆ, ಜಾಮೀನು ಹಾಕೋಕೆ ಬಂದ ನೆಂಟನಿಗೆ ತಾನೂ ಆ ಸಾಲಕ್ಕೆ ಹೊಣೆ ಅನ್ನೋದೇ ಗೊತ್ತಿರಲ್ಲ, ಮಧ್ಯದಲ್ಲಿ ಒಂದು ಇನ್ಶೂರೆನ್ಸ್ ಫಾರ್ಮೂ ಸೇರ್ಕೊಂಡಿರತ್ತೆ. ರಿಸರ್ವ್ ಬ್ಯಾಂಕ್ ಇದಕ್ಕೆ ಸರಿಯಾಗೇ ರೂಲ್ ಮಾಡಿದೆ. 2024ರ ಅಕ್ಟೋಬರ್ 1ರಿಂದ ಹೊಸ ರೀಟೇಲ್ ಸಾಲ, ಎಂಎಸ್‌ಎಂಇ ಅಂದ್ರೆ ಸಣ್ಣ-ಮಧ್ಯಮ ಉದ್ಯಮಗಳ ಟರ್ಮ್ ಲೋನ್ ಯಾವುದೇ ಇರ್ಲಿ, ಕೆಎಫ್‌ಎಸ್ ಅಂದ್ರೆ ಸಾಲದ ಬಡ್ಡಿ, ಚಾರ್ಜು ಇಂಥ ಮುಖ್ಯ ವಿವರ ಇರೋ ಹಾಳೇನ ಸಾಲಗಾರನಿಗೆ ಅರ್ಥ ಆಗೋ ಭಾಷೇಲೇ ಕೊಡ್ಬೇಕು, ವಿವರಿಸ್ಬೇಕು, ಅರ್ಥ ಆಯ್ತು ಅಂತ ಅವರಿಂದ ಬರೆಸ್ಕೋಬೇಕು. ಅದರಲ್ಲಿ ಕಾಣಿಸದ ಚಾರ್ಜನ್ನ ಅವರು ಒಪ್ಪದೆ ಆಮೇಲೆ ಹಾಕೋ ಹಾಗಿಲ್ಲ. ನಿಂಗೆ ತಮಿಳೇ ಬರ್ದಿದ್ರೆ ವಿವರಿಸೋದು ಹೇಗೆ ಹೇಳು? ಸೈನ್ ಮಾತ್ರ ತಗೊಂಡು ಫೈಲ್‌ಗೆ ಹಾಕೋ ಹಾಗಾಗತ್ತೆ, ಅದು ನಿನ್ನ ಕೈಯಿಂದ ಆಗೋದು ನಂಗಿಷ್ಟ ಇಲ್ಲ. ಹಾಗೇ, ಯಾರಾದ್ರೂ ತಮಿಳಲ್ಲಿ ಬರೆದ ಚೆಕ್ ತಂದ್ರೆ ಬೇರೆ ಬರ್ಕೊಂಡು ಬನ್ನಿ ಅಂತ ವಾಪಸ್ ಕಳಿಸ್ಬೇಡ, ಚೆಕ್ಕನ್ನ ಆ ರಾಜ್ಯದ ಭಾಷೇಲಿ ಬರೆಯೋಕೆ ಅವಕಾಶ ಇದೆ.

ತಮಿಳು ಕಲಿಯೋದು ಕಷ್ಟ ಅನ್ಬೇಡ. 12 ಸ್ವರ, 18 ವ್ಯಂಜನ, ಕ-ಗ ಎರಡಕ್ಕೂ ಒಂದೇ ಅಕ್ಷರ, ನಮ್ಮಷ್ಟು ಒತ್ತಕ್ಷರದ ಕಾಟಾನೂ ಇಲ್ಲ. ಬರೆಯೋ ತಮಿಳಿಗೂ ಆಡೋ ತಮಿಳಿಗೂ ಬಹಳ ದೂರ, ಅದಕ್ಕೇ ಓದೋದು ಪುಸ್ತಕದಿಂದ ಕಲಿ, ಮಾತು ಮಾತ್ರ ಬ್ರಾಂಚಿನ ಜನರಿಂದ ಕಲಿ. ಮೊದಲು ಸಂಖ್ಯೆ ಗಟ್ಟಿ ಮಾಡ್ಕೋ, ತೊಣ್ಣೂರು ಅಂದ್ರೆ 90, ತೊಳ್ಳಾಯಿರಂ ಅಂದ್ರೆ 900, ಕ್ಯಾಶಲ್ಲಿ ಕೂತಾಗ ಇಲ್ಲೇ ಹೊಸಬರು ಎಡವೋದು. ಹೆಸರಿನ ವಿಷಯಾನೂ ಇದೆ, ಅಲ್ಲಿ ಬಹಳ ಜನಕ್ಕೆ ಸರ್‌ನೇಮ್ ಇಲ್ಲ, ಅಪ್ಪನ ಇನಿಶಿಯಲ್ ಅಷ್ಟೇ, ಆಧಾರಲ್ಲಿ ಒಂಥರಾ ಪ್ಯಾನಲ್ಲಿ ಒಂಥರಾ ಇರತ್ತೆ, ಕೆವೈಸಿ ಅಂತ ಗುರುತಿನ ದಾಖಲೆ ನೋಡೋವಾಗ ಮಿಸ್‌ಮ್ಯಾಚ್ ಅಂತ ಓಡಿಸ್ಬೇಡ, ಕೂರಿಸ್ಕೊಂಡು ಕೇಳು. ನಮ್ಮ ತಾತನ ಪೇಪರ್ಸ್ ಕೂಡ ಹೀಗೇ ಇದ್ದಿದ್ದು.

ತಿಂಗಳ ಮಧ್ಯ ರಶ್ ಜಾಸ್ತಿ ಇರಬಹುದು. ನಮ್ಮಲ್ಲಿ ಗೃಹಲಕ್ಷ್ಮಿ ಇದ್ದ ಹಾಗೆ ಅಲ್ಲಿ 2023ರ ಸೆಪ್ಟೆಂಬರಿಂದ ಮಗಳಿರ್ ಉರಿಮೈ ತೊಗೈ ಅಂತ ಹೆಂಗಸರಿಗೆ ತಿಂಗಳಿಗೆ 1000 ರೂಪಾಯಿ ಕೊಡೋಕೆ ಶುರು ಮಾಡಿದ್ರು. ದುಡ್ಡು ಬಿತ್ತಾ ಅಂತ ಅವರು ಕೇಳೋ ಒಂದೇ ಪ್ರಶ್ನೆಗೆ ತಮಿಳಲ್ಲಿ ನೆಟ್ಟಗೆ ಉತ್ತರ ಕೊಡೋದು ಕಲಿತ್ರೂ ಬೆಳಗ್ಗಿನ ಅರ್ಧ ಕೆಲಸ ಸಲೀಸಾಗತ್ತೆ.

ನಿನ್ ಜೊತೆ ಜಾಯಿನ್ ಆಗ್ತಿರೋ ಬಿಹಾರದ ಹುಡುಗೀನ ಕೈ ಬಿಡ್ಬೇಡ. ಅವಳಿಗೆ ತಮಿಳು ನಿನಗಿಂತ ಕಷ್ಟ, ಸಂಜೆ ಇಬ್ರೂ ಒಟ್ಟಿಗೆ ಕಲೀರಿ, ಅವಳ ಉಚ್ಚಾರಣೆ ಕೇಳಿ ಯಾರಾದ್ರೂ ನಕ್ರೆ ನೀನು ನಗ್ಬೇಡ. ಒಂದೇ ಎಚ್ಚರ, ಕಸ್ಟಮರ್ ಮುಂದೆ ನಿಂತಿರೋವಾಗ ನಿಮ್ಮಿಬ್ರಲ್ಲೇ ಹಿಂದಿ ಮಾತಾಡ್ಕೋಬೇಡಿ, ತಮ್ಮ ಬಗ್ಗೆನೇ ಏನೋ ಹೇಳ್ತಿದಾರೆ ಅಂತ ಅವರ ಮುಖ ಚಿಕ್ಕದಾಗತ್ತೆ.

ತಮಿಳು ಕಲಿತ್ರೆ ಕನ್ನಡ ಏನೂ ಸವೆಯಲ್ಲ. ಕೊಯಮತ್ತೂರು, ಸೇಲಂ ಕಡೆ ನೇಕಾರ ಸಮುದಾಯದ ದೇವಾಂಗದವರ ಮನೆಗಳಲ್ಲಿ ಎಷ್ಟೋ ತಲೆಮಾರಿಂದ ತಮಿಳಿನ ನಡುವೆನೇ ಕನ್ನಡ ಉಳ್ಕೊಂಡು ಬಂದಿದೆ. ಅಂಥವರು ಕೌಂಟರಿಗೆ ಬಂದು ತಮ್ಮ ಕನ್ನಡದಲ್ಲಿ ಮಾತಾಡಿದ್ರೆ ಖುಷಿಯಿಂದ ಮಾತಾಡು, ತಪ್ಪು ಅಂತ ತಿದ್ದೋಕೆ ಮಾತ್ರ ಹೋಗ್ಬೇಡ, ಅದು ಅವರ ಮನೆ ಕನ್ನಡ.

ಜಾಯಿನ್ ಆದ ವಾರದಲ್ಲೇ ಬ್ರಾಂಚಲ್ಲಿ ಕೆಎಫ್‌ಎಸ್‌ನ ತಮಿಳು ಫಾರ್ಮ್ಯಾಟ್ ಇದ್ಯಾ ನೋಡು, ಕೌಂಟರಲ್ಲಿರೋ ಚಲನ್ನಲ್ಲಿ ತಮಿಳು ಇದ್ಯಾ ಅದನ್ನೂ ನೋಡು. ಇಲ್ದಿದ್ರೆ ಹೊಸಬಳು ನಾನ್ಯಾಕೆ ಅಂತ ಸುಮ್ನಿರದೆ ಮ್ಯಾನೇಜರ್‌ಗೆ ಹೇಳಿ ರೀಜನಲ್ ಆಫೀಸಿಗೆ ಮೇಲ್ ಹಾಕಿಸು. ಏನಂದ್ರು ಅಂತ ನಂಗೆ ಫೋನ್ ಮಾಡಿ ಹೇಳು.

ನಿನ್ನ ದೊಡ್ಡಮ್ಮ