ಇತರೆ ತೊಂದರೆ ಎಂಬ ಖಾಲಿ ಗೆರೆ

ಹಾಸನ

ಚಿರಂಜೀವಿ ವಿನುತಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಕ್ಯಾನ್ಸರ್ ರೋಗಿಗಳ ನೋವು, ವಾಕರಿಕೆ, ಸುಸ್ತುಗಳನ್ನು ಕುರಿತು ನಾಲ್ಕಾರು ಆಸ್ಪತ್ರೆಗಳು ಕೂಡಿ ನಡೆಸುವ ಅಧ್ಯಯನಕ್ಕೆ ಸೇರಿದ್ದೀಯೆಂದು ನಿನ್ನ ಅಮ್ಮ ಹೇಳಿದಳು. ನಮ್ಮ ಜಿಲ್ಲೆಯ ಮನೆಗಳಿಗೆ ಹೋಗುವ ಪಾಲು ನಿನ್ನದಂತೆ. ನರ್ಸ್ ಆಗಿ ಇದೇ ಊರುಗಳಲ್ಲಿ ಓಡಾಡಿದ ನಾನು ಸುಮ್ಮನಿರಲಾರೆ.

ನಿಮ್ಮ ನಮೂನೆ ಬಹುಶಃ ಎಡ್ಮಂಟನ್ ಪಟ್ಟಿಯೇ ಇರಬೇಕು. 1991ರಲ್ಲಿ ಕೆನಡಾದಲ್ಲಿ ಹುಟ್ಟಿದ್ದು. ಒಂದೊಂದು ತೊಂದರೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಎಲ್ಲ ಆಸ್ಪತ್ರೆಗಳ ಲೆಕ್ಕ ಒಂದೇ ತಕ್ಕಡಿಗೆ ಬರಲು ಇಂಥದ್ದು ಬೇಕೇ ಬೇಕು. ಆದರೆ ಆಲೂರಿನ ಕಡೆಯ ಅಜ್ಜಿಯೊಬ್ಬಳನ್ನು ನೋವು ಹತ್ತಕ್ಕೆ ಎಷ್ಟೆಂದು ಕೇಳಿ ನೋಡು. ಮಗ ಎದುರಿಗಿದ್ದರೆ ‘ಪರವಾಗಿಲ್ಲ’ ಎನ್ನುತ್ತಾಳೆ. ಮತ್ತೆ ಆಸ್ಪತ್ರೆಗೆ ಒಯ್ದು ಸಾಲ ಮಾಡಿಯಾನೆಂಬ ಅಂಜಿಕೆ. ಅವನನ್ನು ನೆಪ ಹೇಳಿ ಆಚೆ ಕಳುಹಿಸು. ರಾತ್ರಿ ಮಗ್ಗುಲು ಬದಲಾಯಿಸಲು ಆಯಿತೇ, ಮುದ್ದೆ ಎಷ್ಟು ಇಳಿಯಿತು ಎಂದು ವಿಚಾರಿಸಿ, ಆಮೇಲೆ ಅಂಕ ಕೇಳು. ಅಂಕ ಅವಳದೇ ಇರಲಿ, ನೀನು ಊಹಿಸಿ ತುಂಬಬೇಡ. ಎಲ್ಲ ಕೇಂದ್ರಗಳಲ್ಲೂ ಹೀಗೆಯೇ ಕೇಳಬೇಕೆಂದು ಸಭೆಯಲ್ಲಿ ಹಟ ಹಿಡಿ. ಇಲ್ಲದಿದ್ದರೆ ನಿನ್ನ ಆರು, ಇನ್ನೊಬ್ಬರ ಆರು ಬೇರೆ ಬೇರೆಯಾಗುತ್ತವೆ.

ಪಟ್ಟಿಯ ಕೊನೆಯಲ್ಲಿ ‘ಇತರೆ ತೊಂದರೆ’ ಎಂಬ ಖಾಲಿ ಗೆರೆ ಇರುತ್ತದೆ. ಅವಸರದವರು ಅಲ್ಲಿ ‘ಇಲ್ಲ’ ಎಂದು ಬರೆದು ಎದ್ದುಬಿಡುತ್ತಾರೆ. ಸ್ತನದ ಗಡ್ಡೆ ಒಡೆದು ಹುಣ್ಣಾದ ಹೆಂಗಸಿಗೆ ಎಷ್ಟೋ ಸಲ ನೋವಿಗಿಂತ ವಾಸನೆಯೇ ದೊಡ್ಡ ಸಂಕಟ. ಮೊಮ್ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳದೆ, ಹಿತ್ತಿಲ ಕಡೆಯ ಕೋಣೆಗೆ ಚಾಪೆ ಸಾಗಿಸುತ್ತಾಳೆ. ವೈದ್ಯರನ್ನು ಕೇಳಿಕೊಂಡು, ಮೆಟ್ರೋನಿಡಜೋಲ್ ಎಂಬ ರೋಗಾಣುನಾಶಕ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಹುಣ್ಣಿಗೆ ಉದುರಿಸಿ ಬಟ್ಟೆ ಕಟ್ಟಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಎಷ್ಟು ಅಗ್ಗದ ಮಾತ್ರೆ! ನೀನಾಗಿ ಕೇಳದಿದ್ದರೆ ಅವಳು ಬಾಯಿ ಬಿಡುವುದಿಲ್ಲ, ಪಟ್ಟಿಯಲ್ಲೂ ವಾಸನೆಗೆ ಅಂಕವಿಲ್ಲ.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ವಿಷಯದಲ್ಲಿ ‘ರೋಗಿ ನಿಲ್ಲಿಸಿದರು’ ಎಂದಷ್ಟೇ ಬರೆದರೆ ಏನೂ ತಿಳಿಯದು. ಮಲ ಕಟ್ಟಿತೋ, ಚಟವಾದೀತೆಂದು ಮನೆಯವರು ಹೆದರಿದರೋ, ಔಷಧವೇ ಸಿಗಲಿಲ್ಲವೋ? 2014ರಲ್ಲಿ ಮಾದಕ ವಸ್ತುಗಳ ಕಾಯಿದೆ ಸಡಿಲವಾದರೂ ಮಾರ್ಫಿನ್ ಇನ್ನೂ ಎಲ್ಲೆಡೆ ಕೈಗೆಟಕುವಂತಿಲ್ಲ. ಮಲ ಸಡಿಲಿಸುವ ಔಷಧವನ್ನು ಜೊತೆಗೆ ಕೊಟ್ಟಿದ್ದರೇ ಎಂಬುದನ್ನೂ ಬರೆ.

ಇನ್ನೊಂದು. ನಿನಗೆ ದಾರಿ ತೋರಿಸಿ, ಬಾಗಿಲು ತೆರೆಸುವವರು ಆಶಾ ಕಾರ್ಯಕರ್ತೆಯರು, ಊರಿನ ನರ್ಸ್‌ಗಳು. ಪ್ರಶ್ನೆಗಳನ್ನು ಅಚ್ಚಿಗೆ ಕೊಡುವ ಮೊದಲೇ ಅವರನ್ನು ಕೂರಿಸಿ ಓದಿಸು. ಪ್ರಬಂಧ ಬರೆಯುವಾಗ, ಹಾಗೆ ಕೂತು ದುಡಿದವರ ಹೆಸರು ಲೇಖಕರ ಸಾಲಿನಲ್ಲಿರಲಿ. ಧನ್ಯವಾದದ ಮೂಲೆಗೆ ತಳ್ಳುವುದು ದೊಡ್ಡವರ ಹಳೆಯ ಚಾಳಿ. ಮೊದಲ ಸಭೆಯಲ್ಲೇ ಇದನ್ನು ನಡಾವಳಿಯಲ್ಲಿ ಬರೆಸಿಬಿಡು. ಕೊನೆಯಲ್ಲಿ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ