ಹವಾಮಾನ ಬದಲಾವಣೆ ಪಾಠ: ಶಿಕ್ಷಕರ ಗಮನಕ್ಕೆ

ಎಲ್ಲ ಮೇಷ್ಟ್ರಿಗೆ, ಮೇಡಂಗಳಿಗೆ ನಮಸ್ಕಾರ.

ಸೋಮವಾರದಿಂದ ಒಂಬತ್ತನೇ ತರಗತಿಗೆ ಹವಾಮಾನ ಬದಲಾವಣೆ ಪಾಠ. ದಯವಿಟ್ಟು ಹಿಮಕರಡಿಯ ಚಿತ್ರದಿಂದ ಶುರುಮಾಡಬೇಡಿ. ಮಕ್ಕಳು ಕಣ್ಣಾರೆ ಕಂಡ ಮಳೆಯಿಂದ ಶುರುಮಾಡಿ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಸುರಿದಾಗ ಜೋರಾಗಿ ಸುರಿಯುತ್ತದೆ. ಆದರೆ 2018ರ ಕೊಡಗಿನ ಭೂಕುಸಿತಕ್ಕೆ ಇದೊಂದೇ ಕಾರಣ ಎಂದು ಹೇಳಬೇಡಿ. ಗುಡ್ಡ ಕಡಿದದ್ದೂ ಇದೆಯಲ್ವಾ.

ಆಮೇಲೆ ಭೂಮಿಯ ಬಿಸಿ ಹೆಚ್ಚಿಸುವ ಕಾರ್ಬನ್ ಡೈಆಕ್ಸೈಡನ್ನು ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ ಅಳೆದ ಗ್ರಾಫ್ ತೋರಿಸಿ. 1958ರಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 315 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 315 ಭಾಗ) ಇತ್ತು, ಈಗ 420 ದಾಟಿದೆ. ಗೆರೆ ಗರಗಸದ ಹಲ್ಲಿನಂತೆ ಏರಿಳಿಯುವುದು ಯಾಕೆ ಅಂತ ಮಕ್ಕಳನ್ನೇ ಕೇಳಿ. ಉತ್ತರಾರ್ಧ ಗೋಳದ ಗಿಡಮರಗಳು ಬೇಸಿಗೆಯಲ್ಲಿ ಅದನ್ನು ಹೀರಿಕೊಳ್ಳುತ್ತವೆ. ಈ ಉತ್ತರ ಅವರೇ ಹುಡುಕಲಿ, ಅದಕ್ಕೆ ಒಂದು ಪೀರಿಯಡ್ ಹೋದರೂ ಪರವಾಗಿಲ್ಲ.

ಓಝೋನ್ ರಂಧ್ರವೇ ಬಿಸಿಗೆ ಕಾರಣ ಅಂತ ತುಂಬಾ ಮಕ್ಕಳು ನಂಬಿದ್ದಾರೆ. ಅದು ಬೇರೆ ಸಮಸ್ಯೆ ಅಂತ ಬಿಡಿಸಿ ಹೇಳಿ.

ಮನೆಗೆಲಸ: ಕಲಿತದ್ದನ್ನು ಅಜ್ಜಿಗೆ ಅರ್ಥವಾಗುವ ಹಾಗೆ ಎರಡು ನಿಮಿಷದ ವಾಯ್ಸ್ ಮೆಸೇಜ್ ಮಾಡಬೇಕು. ಹೆದರಿಸುವುದು ಬೇಡ, ಊರಲ್ಲಿ ಏನು ಮಾಡಬಹುದು ಅಂತಲೂ ಹೇಳಲಿ. ಚೆನ್ನಾಗಿರುವುದನ್ನು ಶನಿವಾರದೊಳಗೆ ಇಲ್ಲಿ ಹಾಕಿ.