ಮಾತ್ರೆ ನಿಲ್ಲಿಸಿದ ಅಪ್ಪನಿಗೆ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ.

ಅಮ್ಮ ಮೊಬೈಲಿಗೆ ಕಳುಹಿಸಿದ ಎರಡು ಚಿತ್ರಗಳನ್ನು ನೋಡಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಒಂದು, ನಿಮ್ಮ ರಕ್ತಪರೀಕ್ಷೆಯ ವರದಿ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದಾಗ 136 ಇದ್ದ ಕೆಟ್ಟ ಕೊಲೆಸ್ಟ್ರಾಲ್ ಅಂದರೆ ಎಲ್‌ಡಿಎಲ್ ಈಗ 68. ಇನ್ನೊಂದು, ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಮಾತ್ರೆಯ ಸ್ಟ್ರಿಪ್. ನಾಲ್ಕು ಗುಳಿ ಖಾಲಿ, ಹನ್ನೊಂದು ಮಾತ್ರೆ ಹಾಗೆಯೇ ಉಳಿದಿವೆ. "ಕೊಲೆಸ್ಟ್ರಾಲ್ ಸರಿಹೋಯಿತಲ್ಲ, ಇನ್ನೇಕೆ?" ಎಂದಿರಂತೆ. ಅಪ್ಪ, ಸರಿಹೋಗಿದ್ದು ಆ ಮಾತ್ರೆಯಿಂದಲೇ.

ಕೊಲೆಸ್ಟ್ರಾಲನ್ನು ಬಹುಪಾಲು ನಮ್ಮ ದೇಹವೇ ತಯಾರಿಸುತ್ತದೆ. ಯಕೃತ್ತಿನಲ್ಲಿ ಆ ತಯಾರಿಕೆಗೆ ಬೇಕಾದ ಕಿಣ್ವವನ್ನು ಸ್ಟಾಟಿನ್, ಅಂದರೆ ನಿಮ್ಮ ಅಟೊರ್ವಾಸ್ಟಾಟಿನ್ ಸೇರಿದ ಔಷಧಗಳ ಗುಂಪು, ತಡೆಯುತ್ತದೆ. ಆಗ ಯಕೃತ್ತು ತನಗೆ ಬೇಕಾದುದನ್ನು ರಕ್ತದಲ್ಲಿರುವ ಎಲ್‌ಡಿಎಲ್‌ನಿಂದ ಎಳೆದುಕೊಳ್ಳುತ್ತದೆ. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಅಂಕಿ ಮತ್ತೆ ಮೇಲೇರುತ್ತದೆ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನವೊಂದರಲ್ಲಿ 4,444 ಹೃದ್ರೋಗಿಗಳಿದ್ದರು. ಐದು ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲಿ, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ನೂರಕ್ಕೆ ಸುಮಾರು 12 ಮಂದಿ ತೀರಿಕೊಂಡರು. ಇದೇ ಗುಂಪಿನ ಸಿಮ್ವಾಸ್ಟಾಟಿನ್ ತೆಗೆದುಕೊಂಡವರಲ್ಲಿ ಸುಮಾರು 8. ಹಾಗೆ ನೂರಕ್ಕೆ ಹೆಚ್ಚಾಗಿ ಬದುಕುಳಿದ ಆ ನಾಲ್ವರಲ್ಲಿ ನೀವೂ ಇರಬೇಕೆಂಬುದೇ ನನ್ನ ಆಸೆ.

ಲಿವರ್ ಕೆಡುತ್ತದೆ ಎಂದು ಚಿಕ್ಕಪ್ಪ ಹೆದರಿಸಿದರಂತೆ. ಹಾಗೆ ಗಂಭೀರವಾಗಿ ಕೆಡುವುದು ತೀರಾ ಅಪರೂಪ. ನಿಮ್ಮ ವರದಿಯ ಎರಡನೆಯ ಪುಟ ತೆಗೆದು ನೋಡಿ, ಲಿವರ್ ಸ್ಥಿತಿ ತೋರಿಸುವ ಎಸ್‌ಜಿಪಿಟಿ 31 ಎಂದಿದೆ. ಅದು ಸರಿಯಾಗಿಯೇ ಇದೆ.

ನಿಮ್ಮ ತೊಡೆ ನೋವಿನ ಮಾತನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಈ ಮಾತ್ರೆ ಶುರುವಾದ ಎರಡನೆಯ ತಿಂಗಳಲ್ಲಿ ನನಗೂ ಎರಡೂ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದೇ ಕಷ್ಟವಾಗಿತ್ತು. ವೈದ್ಯರು ಸ್ನಾಯುಗಳಿಗೆ ಹಾನಿಯಾಗಿದೆಯೇ ಎಂದು ತಿಳಿಯಲು ಸಿಕೆ ಎಂಬ ರಕ್ತಪರೀಕ್ಷೆ ಮಾಡಿಸಿದರು, ಕೆಲವು ವಾರ ಬಿಡುವು ಕೊಟ್ಟು ಇದೇ ಗುಂಪಿನ ರೋಸುವಾಸ್ಟಾಟಿನ್‌ಗೆ ಬದಲಿಸಿ ಕಡಿಮೆ ಪ್ರಮಾಣದಿಂದ ಆರಂಭಿಸಿದರು. ಈಗ ನೋವಿಲ್ಲ. ಪ್ರಮಾಣ ಇಳಿಸಿ, ಕೊಲೆಸ್ಟ್ರಾಲ್ ಇಳಿಸುವ ಬೇರೆ ಬಗೆಯ ಔಷಧವಾದ ಎಜೆಟಿಮೈಬ್ ಸೇರಿಸುವ ದಾರಿಯೂ ಇದೆ. ಆದರೆ ಅದನ್ನು ತೀರ್ಮಾನಿಸಬೇಕಾದವರು ನಿಮ್ಮ ಹೃದ್ರೋಗ ತಜ್ಞರು, ನೀವೂ ಅಲ್ಲ, ನಾನೂ ಅಲ್ಲ. ನೋವು ವಿಪರೀತವಾಗಿ, ಕೈಕಾಲು ಸೋತು, ಮೂತ್ರ ಚಹಾದಂತೆ ಕಪ್ಪಾದರೆ ಮಾತ್ರ ಕಾಯಬೇಡಿ. ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.

ಬೇರೆ ಯಾವ ವೈದ್ಯರ ಬಳಿ ಹೋದರೂ ಸ್ಟಾಟಿನ್ ತೆಗೆದುಕೊಳ್ಳುತ್ತಿರುವುದನ್ನು ಮೊದಲೇ ಹೇಳಿ. ಗಂಟಲು ನೋವಿಗೆ ಕೊಡುವ ಕ್ಲಾರಿಥ್ರೊಮೈಸಿನ್‌ನಂಥ ಔಷಧ ಇದರ ಜೊತೆ ಸೇರಿದರೆ ಸ್ನಾಯುಗಳಿಗೆ ಅಪಾಯ. ರಾತ್ರಿ ಮರೆಯುತ್ತೀರೆಂದು ಅಮ್ಮನ ದೂರು. ಅಟೊರ್ವಾಸ್ಟಾಟಿನ್ನನ್ನು ರಾತ್ರಿಯೇ ನುಂಗಬೇಕೆಂದಿಲ್ಲ. ಬೆಳಿಗ್ಗೆ ಬಿಪಿ ಮಾತ್ರೆಯ ಜೊತೆ ತೆಗೆದುಕೊಳ್ಳಬಹುದೇ ಎಂದು ಕೇಳಿ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬೇಡಿ.

ಇದೇ ವಾರ ವೈದ್ಯರನ್ನು ಕಾಣಿರಿ, ಆ ಸ್ಟ್ರಿಪ್ ಕೂಡ ಕೊಂಡೊಯ್ಯಿರಿ. ಶನಿವಾರ ಫೋನ್ ಮಾಡುತ್ತೇನೆ. ಅವರು ಏನೆಂದರು ಎಂಬುದನ್ನು ಅಮ್ಮನಿಂದಲ್ಲ, ನಿಮ್ಮ ಬಾಯಿಂದಲೇ ಕೇಳಬೇಕು.

ಇಂತಿ ನಿಮ್ಮ ಪ್ರೀತಿಯ ಮಗಳು